ಬೆನ್ನು ಮಾತ್ರ ಕಾಣುವ ಜನ

1649ರಲ್ಲಿ ಇಂಗ್ಲೆಂಡಿನ ರಾಜ ಮೊದಲನೆಯ ಚಾರ್ಲ್ಸ್‌ನ ತಲೆ ಉರುಳಿತು. ಎರಡು ವರ್ಷದ ಮೇಲೆ, 1651ರಲ್ಲಿ, ಥಾಮಸ್ ಹಾಬ್ಸ್‌ನ ‘ಲೆವಯಾಥನ್’ ಅಚ್ಚಾಯಿತು. ತಲೆ ಹೋದ ದೇಶಕ್ಕೆ ಹೊಸ ತಲೆ ಹುಡುಕುವ ಪುಸ್ತಕ ಅದು. ಅದರ ಮುಖಪುಟದ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೊರೆದವನು ಫ್ರಾನ್ಸಿನ ಅಬ್ರಹಾಂ ಬಾಸ್ ಅಂತ ವಿದ್ವಾಂಸರು ಹೇಳುತ್ತಾರೆ. ಈತ ದರ್ಜಿಯೊಬ್ಬನ ಮಗ.

ಬರೋಕ್ ಕಾಲದ ಇಂಥ ಚಿತ್ರಗಳನ್ನು ಕಲಾಪಂಡಿತರು ‘ಭವ್ಯ’ ಅಂದುಬಿಡುತ್ತಾರೆ. ಭವ್ಯತೆಗೆ ಕೈಮುಗಿಯೋದು ಬೇಡ, ಇದರಲ್ಲಿ ಏನೇನಿದೆ ಅಂತ ಎಣಿಸೋಣ.

ಬೆಟ್ಟದ ಆಚೆಯಿಂದ ಕಿರೀಟ ತೊಟ್ಟ ದೈತ್ಯನೊಬ್ಬ ಎದ್ದಿದ್ದಾನೆ. ಬಲಗೈಲಿ ಕತ್ತಿ, ಎಡಗೈಲಿ ಬಿಷಪ್ಪನ ದಂಡ. ಕತ್ತಿಯ ಕೆಳಗೆ ಕೋಟೆ, ಕಿರೀಟ, ಫಿರಂಗಿ, ಆಯುಧಗಳ ರಾಶಿ, ಯುದ್ಧ. ದಂಡದ ಕೆಳಗೆ ಚರ್ಚು, ಬಿಷಪ್ಪನ ಟೋಪಿ, ಬಹಿಷ್ಕಾರದ ಸಿಡಿಲು, ತರ್ಕದ ಹೆಸರು ಬರೆದ ಕವಲು ಈಟಿಗಳು, ಧರ್ಮಸಭೆ. ಒಂದಕ್ಕೊಂದು ಜೋಡಿ. ಫಿರಂಗಿಗೆ ಎದುರಾಗಿ ಸಿಡಿಲು, ಬಂದೂಕಿಗೆ ಎದುರಾಗಿ ತರ್ಕ. ಪುರೋಹಿತಶಾಹಿಯ ವಾದವೂ ಆಯುಧವೇ ಅನ್ನೋದನ್ನ ಇದಕ್ಕಿಂತ ನೇರವಾಗಿ ಹೇಳೋದು ಕಷ್ಟ.

ಪಾದ್ರಿಗಳ ಸ್ವತಂತ್ರ ಅಧಿಕಾರವನ್ನು ಹಾಬ್ಸ್ ಒಪ್ಪಲಿಲ್ಲ, ನಿಜ. ಆದರೆ ಆ ದಂಡವನ್ನು ಅವನು ಮುರಿಯಲಿಲ್ಲ. ಕತ್ತಿ ಹಿಡಿದವನ ಇನ್ನೊಂದು ಕೈಗೆ ಕೊಟ್ಟ.

ಈಗ ದೈತ್ಯನ ಮೈ ನೋಡಿ. 300ಕ್ಕೂ ಹೆಚ್ಚು ಮಂದಿ ಎದೆಯಲ್ಲಿ, ತೋಳುಗಳಲ್ಲಿ ಒತ್ತೊತ್ತಾಗಿ ತುಂಬಿದ್ದಾರೆ. ಎಲ್ಲರೂ ನಮಗೆ ಬೆನ್ನು ಹಾಕಿ ಅವನ ಮುಖವನ್ನೇ ದಿಟ್ಟಿಸುತ್ತಿದ್ದಾರೆ. ತಲೆಯೊಳಗೆ ಮಾತ್ರ ಒಬ್ಬನೂ ಇಲ್ಲ. ಮೈ ಜನರದು, ತಲೆ ದೊರೆಯದು. ಕೆಳಗಿನ ಊರೋ, ಹೆಚ್ಚುಕಮ್ಮಿ ಖಾಲಿ. ಸಿಪಾಯಿಗಳಿದ್ದಾರೆ, ಚರ್ಚಿನ ಹತ್ತಿರ ಕೊಕ್ಕಿನ ಮುಖವಾಡದ ಇಬ್ಬರು, ಪ್ಲೇಗಿನ ವೈದ್ಯರು.

ಹಾಬ್ಸ್ ಎರಡನೆಯ ಚಾರ್ಲ್ಸ್‌ಗೆ ಒಪ್ಪಿಸಿದ ಕೈಬರಹದ ಪ್ರತಿಯಲ್ಲಿ ಇದೇ ಚಿತ್ರ ಬೇರೆ ಥರ ಇದೆ. ಅಲ್ಲಿ ದೈತ್ಯನ ಮೈಯಲ್ಲಿರುವ ಜನ ಹೊರಗೆ ಮುಖಮಾಡಿದ್ದಾರೆ. ಪುಸ್ತಕ ಹಿಡಿದ ರಾಜನಿಗೆ ಪ್ರಜೆಗಳ ಮುಖ ಕಂಡಿತು. ಅಚ್ಚಿನ ಪ್ರತಿ ಕೊಂಡ ಪ್ರಜೆಗೆ ತನ್ನಂಥವರ ಬೆನ್ನು ಸಿಕ್ಕಿತು. ಒಂದೇ ಪ್ರತಿಮೆ, ನೋಡುವವನು ಯಾರು ಅನ್ನೋದರ ಮೇಲೆ ತಿರುಗಿ ನಿಂತಿದೆ. ಇದು ಬರೀ ಅಲಂಕಾರ ಅಂತ ನಾನು ಒಪ್ಪಲಾರೆ.

ಗೆಳೆಯರೆ, ಬಂಡಾಯ ಕಾವ್ಯದಲ್ಲೂ ‘ಜನ’ ಅನ್ನೋ ದೈತ್ಯ ಆಗಾಗ ಎದ್ದು ನಿಲ್ಲುತ್ತಾನೆ. ಅವನನ್ನು ಕಂಡಾಗೆಲ್ಲ ಎರಡು ಪ್ರಶ್ನೆ ಕೇಳಬೇಕು. ಇವನ ತಲೆ ಯಾರದು? ಈ ಮೈಯೊಳಗೆ ಕೂಲಿಗೆ ಹೋಗುವ ಒಬ್ಬ ಹೆಂಗಸಿನ ಮುಖವಾದರೂ ನಮ್ಮ ಕಡೆ ತಿರುಗಿದೆಯೆ?