ಎಲ್ಲೆಯ ಸಾಲುಗಳು: ನಾಡಚರಿತ್ರೆಯ ರಸಿಕರಿಗೊಂದು ಕೈಪಿಡಿ

ನಮ್ಮ ತೊರಪಲ್ಲಿ ಅಗ್ರಹಾರಕ್ಕೆ ಬರುವ ಯಾತ್ರಿಕರು ಕೇಳುವ ಪ್ರಶ್ನೆಗಳು ಎರಡೇ: ರಾಜಾಜಿಯವರು ಹುಟ್ಟಿದ ಮನೆ ಯಾವುದು, ಈ ಸೀಮೆಯನ್ನು ಆಳಿದ ಅರಸರು ಯಾರು. 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರ್ಯರು ಜನಿಸಿದ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿರುವುದರಿಂದ ಮೊದಲನೆಯ ಪ್ರಶ್ನೆಗೆ ಬೆರಳು ತೋರಿಸಿದರೆ ಸಾಕು; ಎರಡನೆಯದಕ್ಕೆ ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಎಂದು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಸಂತುಷ್ಟರಾಗಿ ವಾಹನವೇರಿರುತ್ತಾರೆ. ರಾಜಾಜಿಯವರ ತಂದೆ ಈ ಗ್ರಾಮದ ಮುನಸೀಫರಾಗಿದ್ದರಷ್ಟೆ. ಗ್ರಾಮ ಮುನಸೀಫನೆಂದರೆ ಯಾರು, ಯಾವ ಭೂಮಿಯ ಕಂದಾಯಕ್ಕೆ ಅವನು ಹೊಣೆ, ಆ ಭೂಮಿಯ ಮೇರೆಯನ್ನು ನಿಶ್ಚಯಿಸಿದವರಾರು ಎಂದು ಕೇಳಿದ ಯಾತ್ರಿಕನನ್ನು ನಾನು ಇದುವರೆಗೆ ಕಂಡಿಲ್ಲ. ಅರಸರ ಹೆಸರಿನ ಪಟ್ಟಿಯೇ ಚರಿತ್ರೆಯೆಂಬ ಈ ಭಾವನೆ ನಮ್ಮ ವಿದ್ಯಾವಂತರಲ್ಲಿಯೂ ಬೇರುಬಿಟ್ಟಿರುವುದನ್ನು ನೋಡಿ ಮನಸ್ಸು ಕುದಿಯುವುದರಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ನಾಡಚರಿತ್ರೆಯ ಸಂಶೋಧನ ಗ್ರಂಥವೂ ಕಾವ್ಯ ಸಂಗೀತಗಳಂತೆ ರಸಿಕನನ್ನು ಬೇಡುವ ಪ್ರಕಾರವೇ ಹೊರತು ಪರೀಕ್ಷೆಗೆ ಕಂಠಪಾಠ ಮಾಡುವ ಸಾಮಗ್ರಿಯಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ವೇ ನಮ್ಮ ಪಾಲಿನ ಮೂಲಗ್ರಂಥ. ಶಾಸನವೆಂದರೇನು, ಶಿಲಾಶಾಸನಕ್ಕೂ ತಾಮ್ರಶಾಸನಕ್ಕೂ ಭೇದವೇನು ಎಂಬುದನ್ನೆಲ್ಲ ಇಲ್ಲಿ ವಿವರಿಸಹೊರಟಿಲ್ಲ. ಅಂತಹ ಸಂಪುಟವೊಂದನ್ನು ಕೈಗೆತ್ತಿಕೊಂಡವನು ಎಲ್ಲಿ ನಿಲ್ಲಬೇಕು, ಎಲ್ಲಿ ನಿಧಾನಿಸಬೇಕು ಎಂಬುದಷ್ಟೇ ನನಗೆ ಮುಖ್ಯ.

ದಾನಶಾಸನದ ಕ್ರಮ ಬಲ್ಲವರಿಗೆ ತಿಳಿದದ್ದೇ: ದೇವತಾಸ್ತುತಿ, ವಂಶಾವಳಿ, ಬಿರುದಾವಳಿ, ದಾನ ಕೊಟ್ಟ ಕಾಲ, ಕೊಟ್ಟವನು ಮತ್ತು ಪಡೆದವನು, ಬಳಿಕ ಭೂಮಿಯ ನಾಲ್ಕೆಲ್ಲೆ, ಕೊನೆಗೆ ದಾನವನ್ನು ಕೆಡಿಸಿದವನಿಗೆ ಶಾಪ. ಸಾಮಾನ್ಯ ಓದುಗನು ಬಿರುದಾವಳಿಯಲ್ಲಿ ಮೈಮರೆತು, ಎಲ್ಲೆಯನ್ನು ಹಾರಿ, ಶಾಪದಲ್ಲಿ ಮತ್ತೆ ಎಚ್ಚರಗೊಳ್ಳುತ್ತಾನೆ. ಆದರೆ ಬಿರುದುಗಳೆಂಬುವು ಒಬ್ಬ ಅರಸನಿಂದ ಇನ್ನೊಬ್ಬನಿಗೆ ಬಂದ ಸಿದ್ಧಪದಗಳು. ಶಾಪವಂತೂ ನೂರಾರು ಶಾಸನಗಳಲ್ಲಿ ಒಂದೇ ಶ್ಲೋಕ. ಬೇರೆಲ್ಲಿಯೂ ದೊರೆಯದ, ಆ ಒಂದು ಊರಿಗೆ ಮಾತ್ರ ಸಲ್ಲುವ, ಬರೆಯಿಸಿದವನು ಸುಳ್ಳು ಹೇಳಿದರೆ ಮರುದಿನವೇ ನೆರೆಯೂರಿನವರು ಜಗಳಕ್ಕೆ ಬರಬಹುದಾಗಿದ್ದ ಭಾಗವೆಂದರೆ ಎಲ್ಲೆಯ ಸಾಲುಗಳೇ. ಮೂಡಣಕ್ಕೆ ಹುತ್ತ, ಅಲ್ಲಿಂದ ಕೆರೆಯ ಕೋಡಿ, ಕೋಡಿಯಿಂದ ಜೋಡಿ ಹುಣಿಸೆ, ತೆಂಕಣಕ್ಕೆ ನಟ್ಟ ಕಲ್ಲು, ಪಡುವಣಕ್ಕೆ ಹಳ್ಳ ಕೂಡುವೆಡೆ ಎಂಬ ಬಗೆಯಲ್ಲಿ ಆ ಸಾಲುಗಳು ಹರಿಯುತ್ತವೆ. ಅರಸನ ಆಸ್ಥಾನಕವಿಗೆ ಈ ಹುಣಿಸೆಮರಗಳು ಗೊತ್ತಿರಲಿಲ್ಲ; ಅವುಗಳನ್ನು ಹೇಳಿಕೊಟ್ಟವನು ಊರಿನ ಒಕ್ಕಲಿಗನೋ ತಳವಾರನೋ ಆಗಿದ್ದಿರಬೇಕು. ಅವನ ಬಾಯಿಯ ಮಾತು ತಾಮ್ರದ ಮೇಲೆ ಉಳಿದಿರುವುದು ಆ ಎಡೆಯಲ್ಲಿ ಮಾತ್ರ.

ಗಂಗರ ಶ್ರೀಪುರುಷನ ದೇವರಹಳ್ಳಿ ತಾಮ್ರಪಟಗಳನ್ನೇ ನೋಡಿರಿ. ಕ್ರಿ.ಶ. 776ರ ಈ ಶಾಸನ ವಂಶವರ್ಣನೆಯನ್ನೆಲ್ಲ ಪ್ರೌಢ ಸಂಸ್ಕೃತದಲ್ಲಿ ನಡೆಯಿಸಿ, ಶ್ರೀಪುರದ ಜಿನಾಲಯಕ್ಕೆ ಬಿಟ್ಟ ಭೂಮಿಯ ಮೇರೆಗೆ ಬಂದೊಡನೆ ದಿಕ್ಕಿನ ಹೆಸರನ್ನು ಮಾತ್ರ ಸಂಸ್ಕೃತದಲ್ಲಿಟ್ಟುಕೊಂಡು, ಮೊರಡಿ ಕೆರೆ ಹಳ್ಳಗಳನ್ನೆಲ್ಲ ಕನ್ನಡದಲ್ಲಿಯೇ ಹೆಸರಿಸುತ್ತದೆ. ಭೂಮಿಯನ್ನು ಉಳುವವನ ಭಾಷೆಯಲ್ಲದೆ ಮತ್ತೊಂದು ಭಾಷೆ ಅಲ್ಲಿ ಪ್ರಮಾಣವಾಗಲಾರದೆಂಬುದನ್ನು ಶಾಸನಕಾರನು ಅರಿತಿದ್ದನು. ಇಂಗ್ಲಿಷ್ ಅನುವಾದವೊಂದನ್ನೇ ನೆಚ್ಚುವವರಿಗೆ ಈ ಭಾಗ ದಕ್ಕುವುದಿಲ್ಲ. ಅನುವಾದಕರು ಎಷ್ಟೋ ಕಡೆ ಎಲ್ಲೆಯ ವಿವರವನ್ನು ಒಂದೇ ಮಾತಿನಲ್ಲಿ ಸಂಗ್ರಹಿಸಿ ಮುಂದೆ ಹೋಗಿರುತ್ತಾರೆ. ಆದುದರಿಂದ ಸಂಪುಟದ ಕನ್ನಡ ಪಾಠವನ್ನೇ ತೆರೆಯಬೇಕು.

ನನಗೆ ಈ ರುಚಿ ಹತ್ತಿದುದು ವಿದ್ಯಾರ್ಥಿದೆಸೆಯಲ್ಲಿ. ವೃದ್ಧ ಉಪಾಧ್ಯಾಯರೊಬ್ಬರು ಆನೇಕಲ್ ಸೀಮೆಯ ಒಂದು ಶಾಸನದ ಪಾಠವನ್ನು ಕೈಯಲ್ಲಿ ಹಿಡಿದು, ನಮ್ಮನ್ನು ಬಿಸಿಲಿನಲ್ಲಿ ಎಲ್ಲೆಯುದ್ದಕ್ಕೂ ನಡೆಸಿದರು. ಮರಗಳು ಉಳಿದಿರಲಿಲ್ಲ, ಹುತ್ತಗಳೂ ಇರಲಿಲ್ಲ. ಆದರೆ ಕೆರೆಯ ಕೋಡಿ ಹೇಳಿದಲ್ಲಿಯೇ ಇತ್ತು, ಅದರಾಚೆಯ ಬಂಡೆಯೂ ಇತ್ತು. ಹೊಲದಲ್ಲಿದ್ದ ರೈತನೊಬ್ಬನು ಆ ಬಂಡೆಗೆ ಹೇಳಿದ ಹೆಸರು ಶಾಸನದ ಹೆಸರಿನ ಸವೆದ ರೂಪವೆಂದು ಕಂಡಾಗ ಉಪಾಧ್ಯಾಯರು ಪುಸ್ತಕವನ್ನು ಮುಚ್ಚಿ ಅವನಿಗೆ ಕೈಮುಗಿದರು. ತರುವಾಯ ನಾನು ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇನೆ. ಬಿರುದುಗಳನ್ನು ಓದುವಾಗ ಕರತಾಡನ ಮಾಡುವ ಸಭೆ ಎಲ್ಲೆಯ ಸಾಲು ಬಂದೊಡನೆ ಗಡಿಯಾರ ನೋಡಲಾರಂಭಿಸುವುದನ್ನೂ ಕಂಡಿದ್ದೇನೆ. ತಮ್ಮ ಜಾತಿಯ ಪೂರ್ವಜನೊಬ್ಬನಿಗೆ ಕಿರೀಟವಿಡಲೆಂದು ಅಚ್ಚಾಗುವ ಪುಸ್ತಕಗಳನ್ನೂ, ಜಾತ್ರೆಯಲ್ಲಿ ಮಾರಾಟವಾಗುವ ಸ್ಥಳಪುರಾಣಗಳನ್ನೂ ಚರಿತ್ರೆಯೆಂದು ಬಗೆದವರಿಂದ ಬೇರೇನನ್ನು ನಿರೀಕ್ಷಿಸುವುದು?

ಇದು ನಮ್ಮೊಬ್ಬರದೇ ಸಂಗತಿಯಲ್ಲ. ಅಮೆರಿಕದ ವರ್ಜೀನಿಯ ಮೊದಲಾದ ಹಳೆಯ ವಸಾಹತುಗಳ ಭೂಪತ್ರಗಳಲ್ಲಿಯೂ ಇಂತಹ ಓಕ್ ಮರದಿಂದ ಇಂತಹ ತೊರೆಯವರೆಗೆ ಎಂಬ ಕ್ರಮವೇ ಇದ್ದಿತು. 1785ರ ಭೂಶಾಸನ ಆರು ಮೈಲಿ ಚೌಕಗಳನ್ನು ವಿಧಿಸಿದ ಮೇಲೆಯೂ ಅಳತೆಗಾರರು ಮೂಲೆಗೊಂದು ಮರವನ್ನು ಸಾಕ್ಷಿಯಾಗಿ ಬರೆದಿಟ್ಟುಕೊಳ್ಳುತ್ತಿದ್ದರು. ಅಲ್ಲಿಯ ವಿದ್ವಾಂಸರು ಆ ಸಾಕ್ಷಿವೃಕ್ಷಗಳನ್ನು ಒಂದೊಂದಾಗಿ ಸೇರಿಸಿ, ಕೊಡಲಿ ಬೀಳುವುದಕ್ಕೆ ಮುಂಚಿನ ಅರಣ್ಯ ಎಂತಹದಿತ್ತೆಂಬುದನ್ನು ತಿಳಿಯುತ್ತಾರೆ. ಅವರಿಗಿಂತ ಸಾವಿರ ವರ್ಷ ಹಳೆಯ ಮರಗಳ ಲೆಕ್ಕ ನಮ್ಮ ತಾಮ್ರಪಟಗಳಲ್ಲಿರುವಾಗ ಆ ಕೆಲಸಕ್ಕೆ ಕೈಹಾಕುವವರು ನಮ್ಮಲ್ಲಿ ಏಕೆ ಇಷ್ಟು ವಿರಳ?

ತೊರಪಲ್ಲಿಯೂ ಸೇರಿದ ನಮ್ಮ ಹೊಸೂರಿನ ಸೀಮೆಯವರಿಗೆ ಮತ್ತೊಂದು ಹೊಣೆಯುಂಟು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಘಟ್ಟದ ಕೆಳಗಿನ ಬಾರಾಮಹಲ್ ಕಂಪನಿಯ ಕೈಸೇರಿತು. ಘಟ್ಟದ ಮೇಲಿನ ಹೊಸೂರು 1799ರಲ್ಲಿ ಟಿಪ್ಪುವಿನ ಪತನದೊಡನೆ ಅದನ್ನು ಹಿಂಬಾಲಿಸಿ ಸೇಲಂ ಜಿಲ್ಲೆಯೊಳಗಾಯಿತು. ಆದುದರಿಂದ ರೈಸ್ ಅವರ ಒಂಬತ್ತನೆಯ ಸಂಪುಟ ಆನೇಕಲ್ಲಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದಾಚೆಯ ಕಲ್ಲುಗಳನ್ನು ಮದರಾಸಿನ ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿಯೂ, ಈಚೆಗೆ ತಮಿಳುನಾಡಿನ ಪುರಾತತ್ತ್ವ ಇಲಾಖೆಯ ಪ್ರಕಟಣೆಗಳಲ್ಲಿಯೂ ಹುಡುಕಬೇಕು. ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಕಾಲದ, ಶಕ 815ರ ಕನ್ನಡ ಸ್ತಂಭಶಾಸನವೊಂದು ಜೈನ ಬಸದಿಯ ದಾನವನ್ನು ಹೇಳುವುದು ನಮ್ಮವರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಕನ್ನಡ ಒಂದನ್ನೇ ಬಲ್ಲವನು ಈ ಸೀಮೆಯ ಅರ್ಧ ಚರಿತ್ರೆಯನ್ನಷ್ಟೇ ಓದಬಲ್ಲನು, ತಮಿಳೊಂದನ್ನೇ ಬಲ್ಲವನೂ ಅಷ್ಟೆ. ತೆಲುಗನ್ನು ಬಿಟ್ಟರೆ ಪಾಳೆಯಗಾರರ ಕಾಲ ಕೈಗೆ ಸಿಕ್ಕುವುದಿಲ್ಲ. ಮೂರು ಭಾಷೆಗಳ ಸಂಪುಟಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು, ಒಂದರ ತೆಂಕಣ ಎಲ್ಲೆಗೆ ಇನ್ನೊಂದರ ಬಡಗಣ ಎಲ್ಲೆಯನ್ನು ಹೊಂದಿಸುವ ಆನಂದವನ್ನು ಒಮ್ಮೆ ಸವಿದವನು ಐತಿಹಾಸಿಕ ಚಲನಚಿತ್ರಗಳ ಕಡೆಗೆ ಮತ್ತೆ ತಿರುಗಲಾರನು.

ಇನ್ನುಳಿದವು ಸಂಕ್ಷೇಪವಾಗಿ. ಕಾಲನಿರ್ಣಯಕ್ಕೆ ಶಕವರ್ಷ, ಸಂವತ್ಸರ, ತಿಥಿ, ವಾರಗಳು ಪರಸ್ಪರ ಒಪ್ಪುತ್ತವೆಯೇ ಎಂದು ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಲ್ಲಿ ನೋಡಿಕೊಳ್ಳಿರಿ. ಒಪ್ಪದಿದ್ದರೆ ಆ ಶಾಸನ ಕೂಟವಾಗಿರಬಹುದೆಂಬ ಶಂಕೆ ಇರಲಿ. ಕಲ್ಲಿನ ಅಕ್ಷರಕ್ಕೆ ಸೀಮೆಸುಣ್ಣ ಬಳಿದು ಓದುವವರನ್ನು ನಂಬದೆ ಪಡಿಯಚ್ಚನ್ನು ಕೇಳಿರಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳು ದೊರೆತರೆ ಹಳೆಯವುಗಳೊಡನೆ ಇಟ್ಟುಕೊಂಡು ಪಾಠಾಂತರ ಗಮನಿಸಿರಿ. ಹೊಸದಾಗಿ ಬಂದ ಊರಚರಿತ್ರೆ ಯಾವುದನ್ನಾದರೂ ಕೊಳ್ಳುವ ಮುಂಚೆ ಕೊನೆಯ ಹಾಳೆಗಳನ್ನು ತೆರೆದು ಸ್ಥಳನಾಮಗಳ ಅಕಾರಾದಿ ಇದೆಯೇ ಎಂದು ನೋಡಿರಿ; ಇಲ್ಲದಿದ್ದರೆ ಅಂಗಡಿಯಲ್ಲಿಯೇ ಬಿಟ್ಟುಬನ್ನಿರಿ. ಇದ್ದರೆ, ಅದರಲ್ಲಿ ಕೆರೆ, ಬಂಡೆ, ಹಳ್ಳಗಳ ಹೆಸರುಗಳು ಸೇರಿವೆಯೋ, ಅರಸರ ರಾಜಧಾನಿಗಳು ಮಾತ್ರವೋ ಎಂಬುದನ್ನು ಪರೀಕ್ಷಿಸಿ, ಆಮೇಲೆ ಬೆಲೆಯನ್ನು ವಿಚಾರಿಸಿರಿ.