ಚಾಪ್ಲಿನ್ನನ ಕುಡುಕ: ಪ್ರಹಸನರಂಗದಿಂದ ಚಲಚ್ಚಿತ್ರಕ್ಕೆ

ಚಾರ್ಲಿ ಚಾಪ್ಲಿನ್ನನ ಕಲೆಯನ್ನು ಕುರಿತು ವಿಮರ್ಶಕರಲ್ಲಿ ರೂಢಮೂಲವಾಗಿರುವ ಒಂದು ಅಭಿಪ್ರಾಯವುಂಟು. ಇಂಗ್ಲೆಂಡಿನ ಮ್ಯೂಸಿಕ್ ಹಾಲುಗಳಲ್ಲಿ ಕಿರುಪ್ರಹಸನಗಳನ್ನಾಡುತ್ತಿದ್ದ ಕಾಲದಲ್ಲಿ ಆತನು ಶುದ್ಧ ಹಾಸ್ಯನಟನಾಗಿದ್ದನೆಂದೂ, ಚಲಚ್ಚಿತ್ರವನ್ನು ಸೇರಿ ಕೀರ್ತಿಯನ್ನೂ ಸ್ವಾತಂತ್ರ್ಯವನ್ನೂ ಪಡೆದ ಬಳಿಕ ಆ ಹಾಸ್ಯಕ್ಕೆ ಕರುಣವನ್ನು ಕಸಿಮಾಡಿದನೆಂದೂ ಹೇಳುವುದು ವಾಡಿಕೆ. ಈ ಕಸಿಯಿಂದ ಹಾಸ್ಯವು ಉದಾತ್ತವಾಯಿತೆಂದು ಕೆಲವರು ಮೆಚ್ಚುವರು; ಕೆಟ್ಟಿತೆಂದು ಮತ್ತೆ ಕೆಲವರು ಮರುಗುವರು. ಕರುಣವು ಹೊರಗಿನಿಂದ ಬಂದುದೆಂಬ ವಿಷಯದಲ್ಲಿ ಮಾತ್ರ ಉಭಯಪಕ್ಷದವರಿಗೂ ಭೇದವಿಲ್ಲ. ಈ ಮತವು ಪುನರ್ವಿಮರ್ಶೆಗೆ ಅರ್ಹವಾಗಿದೆ. ಪ್ರಹಸನರಂಗದಲ್ಲಿ ಚಾಪ್ಲಿನ್ನನಿಗೆ ಹೆಸರನ್ನು ತಂದುಕೊಟ್ಟ ಪಾತ್ರವು ಒಬ್ಬ ಕುಡುಕನದು. ಆ ಕುಡುಕನನ್ನು 1952ರ ‘ಲೈಮ್‌ಲೈಟ್’ ಚಿತ್ರದವರೆಗೆ ಹೆಜ್ಜೆಹಿಡಿದು ಹಿಂಬಾಲಿಸಿದರೆ, ಕರುಣವು ಎಲ್ಲಿಂದ ಬಂದಿತೆಂಬುದಕ್ಕೆ ಬೇರೊಂದು ಉತ್ತರವು ದೊರೆಯುವುದು.

ಮ್ಯೂಸಿಕ್ ಹಾಲ್ ಎಂಬುದು ನಾಟಕಶಾಲೆಯಲ್ಲ. ಹಾಡು, ಕುಣಿತ, ದೊಂಬರಾಟ, ಕಣ್ಕಟ್ಟು, ಹಾಸ್ಯ ಇವುಗಳನ್ನು ಒಂದರ ಹಿಂದೊಂದರಂತೆ ತೋರಿಸುತ್ತ, ಜೊತೆಯಲ್ಲಿ ಮದ್ಯವನ್ನೂ ಮಾರಿ ಲಾಭ ಪಡೆಯುತ್ತಿದ್ದ ವಿನೋದಮಂದಿರವದು. 1843ರ ಕಾಯಿದೆಯಿಂದಾಗಿ ನಾಟಕಗಳನ್ನಾಡುವ ಹಕ್ಕು ಅಪ್ಪಣೆ ಪಡೆದ ನಾಟಕಶಾಲೆಗಳಿಗೆ ಮೀಸಲಾಗಿದ್ದಿತು. ಮ್ಯೂಸಿಕ್ ಹಾಲಿನಲ್ಲಿ ಸಂಭಾಷಣೆಯುಳ್ಳ ಆಟವನ್ನು ಆಡಿದವರು ನ್ಯಾಯಸ್ಥಾನದ ಮೆಟ್ಟಿಲು ಹತ್ತಬೇಕಾಗುವ ಭಯವಿದ್ದಿತು. ಹೀಗಾಗಿ ಮಾತಿಲ್ಲದ ಪ್ರಹಸನವು ಅಲ್ಲಿ ಕಲೆಯ ಕಾರಣದಿಂದಷ್ಟೇ ಅಲ್ಲ, ಕಾಯಿದೆಯ ಕಾಟದಿಂದಲೂ ಬೆಳೆಯಿತು. ಮೊದಲು ಅಂಗಸಾಧನೆಯ ಆಟಗಾರನಾಗಿದ್ದ ಫ್ರೆಡ್ ಕಾರ್ನೋ ಈ ಪ್ರಕಾರವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದನು. ಆತನ ಮಂಡಲಿಯಲ್ಲಿ ಒಂದೊಂದು ಬೀಳುವಿಕೆಯೂ ತಾಳಕ್ಕೆ ಕಟ್ಟುಪಟ್ಟದ್ದು; ಒಬ್ಬನು ಅರೆಕ್ಷಣ ತಡೆದರೆ ಉಳಿದವರ ಕೆಲಸವೆಲ್ಲ ಕೆಡುವುದು.

ಚಾಪ್ಲಿನ್ನನು 1889ರಲ್ಲಿ ಹುಟ್ಟಿದ್ದು ಇದೇ ಲೋಕದಲ್ಲಿ. ತಾಯಿತಂದೆಗಳಿಬ್ಬರೂ ಮ್ಯೂಸಿಕ್ ಹಾಲಿನ ಗಾಯಕರು. ಅಲ್ಲಿ ಆಟ ಮುಗಿದ ಮೇಲೆ ಕಲಾವಿದನು ಗಿರಾಕಿಗಳೊಡನೆ ಕುಳಿತು ಕುಡಿಯುವುದು ವೃತ್ತಿಯ ಒಂದು ಭಾಗವೇ ಆಗಿದ್ದಿತು. ತಂದೆಯು ಆ ಕುಡಿತಕ್ಕೆ ಬಲಿಯಾಗಿ 1901ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡನು. ತಾಯಿಯ ಕಂಠವು ಕೆಟ್ಟಿತು. ಮುಂದೆ ಚಿತ್ತಸ್ವಾಸ್ಥ್ಯವೂ ಕೆಟ್ಟಿತು. ಏಳು ವರ್ಷದ ಹುಡುಗನು 1896ರಲ್ಲಿ ಲ್ಯಾಂಬೆತ್ತಿನ ಬಡವರ ದುಡಿಮೆಮನೆಯನ್ನು ಕಂಡನು. ಕವಿಯ ಜೀವನದಿಂದ ಕಾವ್ಯವನ್ನು ವ್ಯಾಖ್ಯಾನಿಸುವುದು ಅಪಾಯದ ದಾರಿಯೆಂಬುದು ನಿಜ. ಆದರೂ, ಕುಡಿತದಿಂದ ಸತ್ತವನ ಮಗನು ಏಳು ವರ್ಷಗಳ ತರುವಾಯ ಕಾರ್ನೋವಿನ ಮಂಡಲಿಯನ್ನು ಸೇರಿ ಕುಡುಕನ ಪಾತ್ರದಿಂದಲೇ ಪ್ರಸಿದ್ಧನಾದುದನ್ನು ಮರೆತು ಮುಂದುವರಿಯುವುದು ಅಸಾಧ್ಯ.

ಆ ಪ್ರಹಸನದ ಹೆಸರು ‘ಮಮ್ಮಿಂಗ್ ಬರ್ಡ್ಸ್’, 1904ರಲ್ಲಿ ಹುಟ್ಟಿದುದು. ಅಮೆರಿಕೆಯಲ್ಲಿ ಇದನ್ನು ‘ಎ ನೈಟ್ ಇನ್ ಆ್ಯನ್ ಇಂಗ್ಲಿಷ್ ಮ್ಯೂಸಿಕ್ ಹಾಲ್’ ಎಂದು ಕರೆದರು. ಇದರ ರಚನೆಯು ವಿಲಕ್ಷಣವಾದುದು. ರಂಗದ ಮೇಲೆ ಇನ್ನೊಂದು ರಂಗ. ಅದರ ಎರಡು ಪಕ್ಕಗಳಲ್ಲಿ ಪ್ರೇಕ್ಷಕರು ಕೂಡುವ ಮಾಡಗಳು. ಒಳರಂಗದಲ್ಲಿ ಕೆಲಸಕ್ಕೆ ಬಾರದ ಗಾಯಕರೂ ಕಣ್ಕಟ್ಟಿನವರೂ ಒಬ್ಬರಾದ ಮೇಲೊಬ್ಬರು ಬರುವರು, ಕೊನೆಗೊಬ್ಬ ಹುಸಿಜಟ್ಟಿ. ಒಂದು ಮಾಡದಲ್ಲಿ ತುಂಟ ಹುಡುಗನೊಬ್ಬನು ಕುಳಿತಿರುವನು. ಇದಿರುಮಾಡಕ್ಕೆ ಸೊಗಸಾದ ರಾತ್ರಿಯುಡುಪನ್ನು ಧರಿಸಿದ, ಕಂಠಪೂರ್ತಿ ಕುಡಿದ ಸಿರಿವಂತನೊಬ್ಬನು ಬರುವನು, ಇವನೇ ಚಾಪ್ಲಿನ್. ಬಲಗೈಯ ಕೈಚೀಲವನ್ನು ಬಿಡಿಸಿ, ಸೇವಕನಿಗೆ ಇನಾಮು ಕೊಟ್ಟು, ಈಗಾಗಲೇ ಬರಿದಾಗಿರುವ ಅದೇ ಕೈಯಿಂದ ಕೈಚೀಲವನ್ನು ಮತ್ತೊಮ್ಮೆ ಬಿಡಿಸಲು ಯತ್ನಿಸುವನು. ವಿದ್ಯುದ್ದೀಪದಲ್ಲಿ ಚುಟ್ಟವನ್ನು ಹಚ್ಚಿಕೊಳ್ಳಲು ನೋಡುವನು. ಇದಿರಿನ ಹುಡುಗನು ಬೆಂಕಿಕಡ್ಡಿಯನ್ನು ಚಾಚಿದಾಗ, ವಿನಯದಿಂದ ಅತ್ತ ಬಾಗಿ, ಮಾಡದಿಂದ ರಂಗಕ್ಕೆ ಉರುಳುವನು.

ಈ ಕುಡುಕನ ಲಕ್ಷಣವನ್ನು ಸ್ವಲ್ಪ ವಿವರವಾಗಿ ನೋಡತಕ್ಕುದು. ಸಾಮಾನ್ಯ ನಟನು ಕುಡುಕನ ಪಾತ್ರದಲ್ಲಿ ಕುಡಿದವನಂತೆ ನಟಿಸುವನು. ಚಾಪ್ಲಿನ್ನನ ಕುಡುಕನಾದರೋ ಕುಡಿಯದವನಂತೆ ನಟಿಸುತ್ತಿರುವ ಕುಡುಕನು. ತೂರಾಡುವುದು ಅವನ ಉದ್ದೇಶವಲ್ಲ. ನೆಟ್ಟಗೆ ನಿಲ್ಲುವುದು ಅವನ ಉದ್ದೇಶ. ಭರತನು ಹಾಸ್ಯವನ್ನು ಆತ್ಮಸ್ಥ ಪರಸ್ಥಗಳೆಂದು ವಿಭಾಗಿಸಿ, ತಾನು ನಗುವುದು ಮೊದಲನೆಯದು, ಇತರರನ್ನು ನಗಿಸುವುದು ಎರಡನೆಯದು ಎಂದಿರುವನಷ್ಟೆ. ಇಲ್ಲಿರುವುದು ಕೇವಲ ಪರಸ್ಥ; ಪಾತ್ರಕ್ಕೆ ನಗುವೇ ಇಲ್ಲ. ಅವನಿಗೆ ನಡೆಯುತ್ತಿರುವುದು ಮಾನರಕ್ಷಣೆಯ ಯುದ್ಧ. ಆ ಯುದ್ಧದಲ್ಲಿ ಅವನು ಸೋಲುತ್ತಿರುವನೆಂಬುದು ಎಲ್ಲರಿಗೂ ಕಾಣುವುದು, ಅವನೊಬ್ಬನಿಗೆ ಕಾಣದು. ಮಾನವನ್ನು ಕಳೆದುಕೊಳ್ಳುತ್ತಿರುವವನು ಮಾನವಂತನಂತೆ ವರ್ತಿಸುವ ಈ ಸನ್ನಿವೇಶದಲ್ಲಿ ಕರುಣಕ್ಕೆ ಬೇಕಾದ ಆಲಂಬನವು ಆಗಲೇ ಸಿದ್ಧವಾಗಿದೆ. ಅದನ್ನು ಬೆಳಸದೆ ಬಿಟ್ಟಿರುವುದರಿಂದ ನಗು ಬರುತ್ತಿದೆ, ಅಷ್ಟೆ. ಅದೇ ಮಂಡಲಿಯಲ್ಲಿದ್ದ ಸ್ಟ್ಯಾನ್ ಲಾರೆಲ್, ಹೊಡೆದಾಟದ ನಡುವೆಯೂ ಮುಖದಲ್ಲಿ ಒಂದು ವಿಷಾದದ ಛಾಯೆಯನ್ನು ತೋರಬೇಕೆಂದು ಕಾರ್ನೋ ತನ್ನವರಿಗೆ ಕಲಿಸುತ್ತಿದ್ದುದನ್ನು ಮುಂದೆ ನೆನೆದುಕೊಂಡಿರುವನು. ಬೀಜವನ್ನು ಬಿತ್ತಿದವನು ಕಾರ್ನೋ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯವು ಬೇಕಾಗಿಲ್ಲ.

ಚಲಚ್ಚಿತ್ರಕ್ಕೆ ಹೋದ ಕಥೆಯು ಸುಪರಿಚಿತ. ಅಮೆರಿಕೆಯ ಎರಡನೆಯ ಸಂಚಾರದಲ್ಲಿದ್ದಾಗ ಕೀಸ್ಟೋನ್ ಸಂಸ್ಥೆಯವರು ವಾರಕ್ಕೆ 150 ಡಾಲರುಗಳಿಗೆ ಆತನನ್ನು ಗೊತ್ತುಮಾಡಿಕೊಂಡರು. 1913ರ ನವೆಂಬರ್ ಕೊನೆಯಲ್ಲಿ ಕಾರ್ನೋ ಮಂಡಲಿಯನ್ನು ಬಿಟ್ಟನು. 1914ರಲ್ಲಿ, ಒಂದೇ ವರ್ಷದಲ್ಲಿ, 35ಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡನು. ಬಿಗಿಯಾದ ಕೋಟು, ದೊಗಳೆ ಷರಾಯಿ, ಬೆತ್ತ, ಚಿಕ್ಕ ಮೀಸೆ ಇವುಗಳಿಂದ ಕೂಡಿದ ಅಲೆಮಾರಿಯ ವೇಷವು ಆ ವರ್ಷದ ಫೆಬ್ರವರಿಯಲ್ಲಿಯೇ ಬೆಳಕು ಕಂಡಿತು. ಅಷ್ಟಾಗಿ ಯಾರೂ ಒತ್ತಿಹೇಳದ ಒಂದು ಸಂಗತಿಯೆಂದರೆ, ಆ ವೇಷವನ್ನು ಮೊದಲು ತೊಟ್ಟು ಅಭಿನಯಿಸಿದ ‘ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್’ ಚಿತ್ರದಲ್ಲಿ ಅಲೆಮಾರಿಯು ಹೋಟಲಿನ ಹಜಾರಕ್ಕೆ ಬರುವಾಗ ಕುಡಿದೇ ಬರುವನು. ಸಿರಿವಂತನ ಉಡುಪನ್ನು ಕಳಚಿ ಹರಕನ್ನು ತೊಟ್ಟದ್ದು ಹೊಸದು, ಒಳಗಿನವನು ಹಳಬ.

ಆದರೂ ರಂಗದಿಂದ ತೆರೆಗೆ ಎಲ್ಲವೂ ಹಾಗೆಯೇ ದಾಟಿಬರಲಿಲ್ಲ. ಇದಕ್ಕೆ 1915ರ ‘ಎ ನೈಟ್ ಇನ್ ದ ಷೋ’ ನಿದರ್ಶನ. ಇದು ‘ಮಮ್ಮಿಂಗ್ ಬರ್ಡ್ಸ್’ ಪ್ರಹಸನದ್ದೇ ಚಿತ್ರರೂಪ. ಇಲ್ಲಿ ಚಾಪ್ಲಿನ್ನನು ಕೆಳಗಿನ ಸಿರಿವಂತನಾಗಿಯೂ ಮೇಲಂತಸ್ತಿನ ಪೋಲಿಯಾಗಿಯೂ ಎರಡು ಪಾತ್ರಗಳನ್ನು ವಹಿಸಿರುವನು. ಚೇಷ್ಟೆಗಳಿಗೆ ಕೊರತೆಯಿಲ್ಲ; ರಸವು ಮಾತ್ರ ತೆಳ್ಳಗಾಗಿದೆ. ಮೂಲದಲ್ಲಿ ನಿಜವಾದ ಪ್ರೇಕ್ಷಕರು ಇದಿರಿಗೆ ಕುಳಿತು, ತಮ್ಮಂತೆಯೇ ಹಣ ತೆತ್ತು ಬಂದ, ತಮ್ಮಂತೆಯೇ ಸ್ವಲ್ಪ ಕುಡಿದಿರುವ ಪ್ರೇಕ್ಷಕನೊಬ್ಬನನ್ನು ನೋಡುತ್ತಿದ್ದರು. ಆತನು ಮಾಡದಿಂದ ಬಿದ್ದಾಗ ಬಿದ್ದವನು ಅವರಲ್ಲೊಬ್ಬ. ತೆರೆಯ ಮೇಲೆ ಆ ಸಂಬಂಧವು ಕಡಿದುಹೋಯಿತು. ಉಳಿದುದು ನಾಟಕಶಾಲೆಯೊಂದರಲ್ಲಿ ನಡೆದ ಗಲಭೆಯ ಚಿತ್ರ. ಮರುವರ್ಷದ ‘ಒನ್ ಎ.ಎಂ.’ ಇದಕ್ಕೆ ಸಿಕ್ಕ ಪರಿಹಾರ. ಮೊದಲಲ್ಲಿ ಬಂದುಹೋಗುವ ಬಾಡಿಗೆವಾಹನದ ಚಾಲಕನೊಬ್ಬನನ್ನು ಬಿಟ್ಟರೆ ಚಿತ್ರದಲ್ಲೆಲ್ಲ ಕುಡುಕನೊಬ್ಬನೇ. ಬೀಗದ ಕೈ ಸಿಕ್ಕದೆ ಕಿಟಕಿಯಿಂದ ಮನೆಯೊಳಕ್ಕೆ ಇಳಿದವನು, ಒಳಗೆ ಅದು ಜೇಬಿನಲ್ಲಿಯೇ ಸಿಕ್ಕಿದೊಡನೆ ಮತ್ತೆ ಕಿಟಕಿಯಿಂದ ಹೊರಬಿದ್ದು, ಮರ್ಯಾದಸ್ಥನಂತೆ ಬಾಗಿಲಿನಿಂದ ಪ್ರವೇಶಿಸುವನು. ಗಡಿಯಾರದ ಲೋಲಕ, ಮೆಟ್ಟಿಲುಸಾಲು, ಮಡಿಚುವ ಮಂಚ ಇವೆಲ್ಲವೂ ಅವನ ಶತ್ರುಗಳು. ಕಡೆಗೆ ಸ್ನಾನದ ತೊಟ್ಟಿಯಲ್ಲಿ ಮಲಗುವನು. ನೋಡುವವರೇ ಇಲ್ಲದಲ್ಲಿಯೂ ಮಾನವನ್ನು ಕಾಯಲೆಣಿಸುವ ಮನುಷ್ಯನೀತ. ಕಾರ್ನೋವಿನ ರಂಗದಲ್ಲಿ ಸಾಧ್ಯವಿಲ್ಲದಿದ್ದ ಈ ಒಂಟಿತನವನ್ನು ಕ್ಯಾಮೆರಾ ತಂದುಕೊಟ್ಟಿತು. ಚಿತ್ರವು ಸ್ವಲ್ಪ ಉದ್ದವಾಯಿತೆನ್ನುವವರ ಮಾತಿನಲ್ಲಿಯೂ ಹುರುಳಿದೆ.

ರಸವಿಚಾರಕ್ಕೆ ಬಂದರೆ, ಹಾಸ್ಯ ಕರುಣಗಳು ಪರಸ್ಪರ ವಿರೋಧಿಗಳೆಂದು ಸಾಹಿತ್ಯದರ್ಪಣಕಾರನೇ ಮೊದಲಾದ ಆಲಂಕಾರಿಕರ ಮತ. ಕಾಳಿದಾಸನು ಶಾಕುಂತಲದ ಐದನೆಯ ಅಂಕದಲ್ಲಿ ಪ್ರತ್ಯಾಖ್ಯಾನದ ಪ್ರಸಂಗಕ್ಕೆ ಮುಂಚೆಯೇ ವಿದೂಷಕನನ್ನು ಹಂಸಪದಿಕೆಯ ಬಳಿಗೆ ಕಳುಹಿಸಿಬಿಡುವನು. ಭವಭೂತಿಯು ಉತ್ತರರಾಮಚರಿತದಲ್ಲಿ ವಿದೂಷಕನನ್ನು ಸೇರಿಸಲೇ ಇಲ್ಲ. ವಿದೂಷಕನೇ ನಾಯಕನಾಗಿರುವಲ್ಲಿ ಅವನನ್ನು ಎಲ್ಲಿಗೆಂದು ಕಳುಹಿಸುವುದು? ಚಾಪ್ಲಿನ್ನನ ಇದಿರಿಗಿದ್ದ ಪ್ರಶ್ನೆ ಇದು. ಆತನು ಕಂಡುಕೊಂಡ ಒಂದು ಉತ್ತರವು 1921ರ ‘ದಿ ಐಡಲ್ ಕ್ಲಾಸ್’ ಚಿತ್ರದಲ್ಲಿದೆ. ಕುಡುಕ ಗಂಡನನ್ನು ತೊರೆಯುವೆನೆಂದು ಹೆಂಡತಿಯು ಬರೆದ ಕಾಗದವು ಬರುವುದು. ಗಂಡನು ಅದನ್ನು ಓದಿ, ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಲ್ಲುವನು. ಹೆಗಲುಗಳು ನಡುಗುವುವು, ಬಿಕ್ಕಿ ಬಿಕ್ಕಿ ಅಳುತ್ತಿರುವನೆಂದು ನೋಡುವವರ ಮನಸ್ಸು ಕರಗುತ್ತಿರುವಾಗ ಈ ಕಡೆಗೆ ತಿರುಗುವನು. ಕೈಯಲ್ಲಿ ಮದ್ಯವನ್ನು ಕಲಸುವ ಪಾತ್ರೆ, ಅದನ್ನು ಕುಲುಕುತ್ತಿರುವನು! ಕರುಣಾದಿ ರಸಗಳ ಆಭಾಸಗಳಿಂದಲೂ ಹಾಸ್ಯವು ಹುಟ್ಟುವುದೆಂದು ಅಭಿನವಗುಪ್ತನು ಹೇಳಿರುವುದಕ್ಕೆ ಇದಕ್ಕಿಂತ ನಿಷ್ಕೃಷ್ಟವಾದ ಉದಾಹರಣೆಯನ್ನು ಹುಡುಕುವುದು ಕಷ್ಟ. ಆದರೆ ಅಧ್ಯಾಪಕರು ಗಮನಿಸಬೇಕಾದುದು ಇನ್ನೂ ಒಂದಿದೆ. ನಗು ಅಡಗಿದ ಮೇಲೆ, ಹೆಂಡತಿ ತೊರೆದರೂ ಅಳಲಾರದವನು ಅತ್ತವನಿಗಿಂತ ದೀನನಲ್ಲವೆ ಎಂಬ ಶಂಕೆಯು ಉಳಿಯುವುದು. ಆಭಾಸದ ಕೆಳಗೆ ನಿಜವಾದ ಕರುಣವು ಮತ್ತೊಮ್ಮೆ ಇಣುಕುವುದು. ಬರಿಯ ಬೆನ್ನಿನಿಂದ ಇಷ್ಟನ್ನು ಸಾಧಿಸಿದುದು ಕಾರ್ನೋವಿನ ಮೂಕಶಿಕ್ಷಣದ ಫಲ.

ಹತ್ತು ವರ್ಷಗಳ ಅನಂತರ, ವಾಕ್ಚಿತ್ರಗಳು ಎಲ್ಲೆಡೆಯೂ ಹಬ್ಬಿದ ಮೇಲೆ, 1931ರಲ್ಲಿ ಆತನು ಮಾತಿಲ್ಲದೆಯೇ ಹೊರತಂದ ‘ಸಿಟಿ ಲೈಟ್ಸ್’ ಈ ಸಾಧನೆಯ ಶಿಖರ. ಇಲ್ಲಿ ಕುಡುಕನ ಪಾತ್ರವು ಚಾಪ್ಲಿನ್ನನಿಂದ ಬೇರ್ಪಟ್ಟು, ಹ್ಯಾರಿ ಮೈಯರ್ಸ್ ವಹಿಸಿದ ಕೋಟ್ಯಧೀಶನ ಪಾತ್ರವಾಗಿದೆ. ನೀರಿಗೆ ಬಿದ್ದು ಸಾಯಹೊರಟ ಅವನನ್ನು ಅಲೆಮಾರಿಯು ಉಳಿಸುವನು. ಅಮಲಿನಲ್ಲಿ ಕೋಟ್ಯಧೀಶನಿಗೆ ಅವನು ಪರಮಮಿತ್ರ. ಅಮಲಿಳಿದರೆ ಅವನಾರೋ ಇವನಾರೋ. ದುಷ್ಯಂತನು ಶಾಪದಿಂದ ಮರೆತನು, ಈತನು ಸ್ವಸ್ಥತೆಯಿಂದಲೇ ಮರೆಯುವನು. ಇನ್ನೊಂದು ಕಡೆ ಹೂಮಾರುವ ಕುರುಡುಹುಡುಗಿ. ಅಲೆಮಾರಿಯನ್ನು ಸಿರಿವಂತನೆಂದು ನಂಬಿರುವಳು. ಕೋಟ್ಯಧೀಶನು ಅಮಲಿನಲ್ಲಿ ಕೊಟ್ಟ ಹಣದಿಂದ ಅವಳಿಗೆ ಕಣ್ಣು ಬರುವುದು. ಅದೇ ಹಣಕ್ಕಾಗಿ ಅಲೆಮಾರಿಯು ಸೆರೆಮನೆಗೆ ಹೋಗುವನು. ಬಿಡುಗಡೆಯಾಗಿ ಬಂದ ಹರಕುಬಟ್ಟೆಯವನನ್ನು ಅವಳು ಅಂಗಡಿಯೊಳಗಿನಿಂದ ಕಂಡು ನಗುವಳು. ಕನಿಕರದಿಂದ ಹೂವನ್ನೂ ನಾಣ್ಯವನ್ನೂ ಕೊಡುವಾಗ ಕೈ ತಗಲುವುದು. ಆ ಸ್ಪರ್ಶದಿಂದ ಅಭಿಜ್ಞಾನ. ಇಷ್ಟು ಹೊತ್ತು ಪ್ರೇಕ್ಷಕರು ನಕ್ಕ ಅದೇ ವೇಷವನ್ನು ನೋಡಿ ಅವಳೂ ನಕ್ಕಳು. ಅವಳ ನಗು ನಿಂತಾಗ ಇವರದೂ ನಿಲ್ಲುವುದು. ‘ಮಮ್ಮಿಂಗ್ ಬರ್ಡ್ಸ್’ ಆಟದಲ್ಲಿ ಪ್ರೇಕ್ಷಕನನ್ನು ರಂಗದ ಮೇಲೆ ಕೂರಿಸಿದ ಉಪಾಯವು ‘ಎ ನೈಟ್ ಇನ್ ದ ಷೋ’ ಚಿತ್ರದಲ್ಲಿ ಕೈಕೊಟ್ಟಿದ್ದರೆ, ಇಲ್ಲಿ ಹೀಗೆ ಫಲಿಸಿದೆ. ಹುಡುಗಿಯೇ ಇಲ್ಲಿ ಮಾಡದಲ್ಲಿ ಕುಳಿತ ಪ್ರೇಕ್ಷಕಳು.

ಮಾತು ಬಂದಾಗ ಈ ಸಮತೋಲವು ಕದಡಿತು. 1940ರ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದ ಕೊನೆಯ ದೀರ್ಘಭಾಷಣದ ಆಶಯವು ಎಷ್ಟೇ ಪೂಜ್ಯವಾಗಿರಲಿ, ಅಲ್ಲಿ ಮಾತನಾಡುತ್ತಿರುವವನು ಕ್ಷೌರಿಕನ ಪಾತ್ರವಲ್ಲ, ಚಾಪ್ಲಿನ್. ವಿಭಾವಾನುಭಾವಗಳ ಸ್ಥಾನದಲ್ಲಿ ಉಪದೇಶವು ಬಂದು ನಿಂತಿದೆ. ಕರುಣವು ಹಾಸ್ಯವನ್ನು ಕೆಡಿಸಿತೆಂಬ ಆಕ್ಷೇಪವನ್ನು ವಾಸ್ತವವಾಗಿ ಇಲ್ಲಿ ಎತ್ತಬೇಕು. ಆದರೆ ಕೆಡಿಸಿದುದು ಕರುಣವಲ್ಲ, ವಾಚಾಳತೆ.

‘ಲೈಮ್‌ಲೈಟ್’ ಚಿತ್ರದಲ್ಲಿಯೂ ಈ ದೋಷವು ಸಾಕಷ್ಟಿದೆ. ಆದರೂ ಪ್ರಸ್ತುತ ವಿಚಾರಕ್ಕೆ ಅದು ಅತ್ಯಾವಶ್ಯಕವಾದ ಕೃತಿ. ಕಥೆಯ ಕಾಲವು 1914ರ ಲಂಡನ್, ಎಂದರೆ ಚಾಪ್ಲಿನ್ನನು ಅಲ್ಲಿಲ್ಲದ ವರ್ಷ. ನಾಯಕನಾದ ಕ್ಯಾಲ್ವೆರೋ ಮ್ಯೂಸಿಕ್ ಹಾಲಿನ ಹಳೆಯ ಹಾಸ್ಯನಟ; ಕುಡಿಯದೆ ನಗಿಸಲಾರನು, ಕುಡಿದುದರಿಂದ ಹಾಳಾದವನು. ಚಿತ್ರವು ಆರಂಭವಾಗುವಾಗ ಅವನು ತೂರಾಡುತ್ತ ಬಂದು ಮನೆಯ ಬಾಗಿಲಿನ ಬೀಗದೊಡನೆ ಸೆಣಸುವನು. ‘ಒನ್ ಎ.ಎಂ.’ ಚಿತ್ರದ ಅದೇ ಬಾಗಿಲು, ಅದೇ ಸೆಣಸಾಟ. ನರೆತ ತಲೆಯೊಂದೇ ಹೊಸದು. ಈ ಬಾರಿ ಬಾಗಿಲು ತೆರೆದರೆ ಒಳಗೆ ವಿಷವಾಯುವಿನಿಂದ ಸಾಯಹೊರಟ ಹುಡುಗಿಯೊಬ್ಬಳಿರುವಳು. ಅಣಕಿಸಿದ ಕುಡುಕನೂ ಅನುಭವಿಸಿದ ಕುಡುಕನೂ, ಮಗನ ಪಾತ್ರವೂ ತಂದೆಯ ಬಾಳೂ ಇಲ್ಲಿ ಒಂದೇ ಮುಖದಲ್ಲಿ ಸೇರಿವೆ.

ಕೊನೆಯ ಪ್ರದರ್ಶನದಲ್ಲಿ ಬಸ್ಟರ್ ಕೀಟನ್ನನೊಡನೆ ಪಿಟೀಲಿನ ಪ್ರಹಸನವನ್ನು ಆಡುತ್ತ, ಮಾತಿಲ್ಲದೆ ಪ್ರೇಕ್ಷಕರನ್ನು ನಗೆಯಲ್ಲಿ ಮುಳುಗಿಸಿದ ಕ್ಯಾಲ್ವೆರೋ, ರಂಗದಿಂದ ಕೆಳಗೆ ವಾದ್ಯಗಾರರ ನಡುವಿನ ದೊಡ್ಡ ನಗಾರಿಯೊಳಕ್ಕೆ ಬೀಳುವನು. ಮಾಡದಿಂದ ರಂಗಕ್ಕೆ ಬಿದ್ದಿದ್ದವನು ರಂಗದಿಂದ ಹೊರಕ್ಕೆ ಬಿದ್ದಿರುವನು. ಅದೂ ಆಟದ ಭಾಗವೆಂದೇ ಸಭೆಯು ನಗುವುದು. ನಗಾರಿಯೊಡನೆಯೇ ಅವನನ್ನು ಎತ್ತಿತಂದು ರಂಗದ ಮೇಲಿಡಲು, ಸಭಿಕರಿಗೆ ಅದರೊಳಗಿನಿಂದಲೇ ವಂದನೆ ಸಲ್ಲಿಸುವನು. ಅನಂತರ ತೆರೆಯ ಮರೆಯಲ್ಲಿ ಅವನ ಪ್ರಾಣವು ಹೋಗುತ್ತಿರಲು, ಇತ್ತ ಬೆಳಕಿನಲ್ಲಿ ಆ ಹುಡುಗಿಯು ಕುಣಿಯುತ್ತಿರುವಳು.