ಟ್ಯಾಂಕು ಹೊತ್ತವರ ಬಣ್ಣ

ಕಥೆ ಬರೆಯುವವರಿಗೆ ಒಂದು ಅಭ್ಯಾಸವಿರುತ್ತದೆ. ಯಾವ ಚಿತ್ರ ಕಂಡರೂ ಅದರಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಯಾರಿಲ್ಲ ಎಂದು ಹುಡುಕುವುದು. ರಮಝಾನಿನ ಒಂದು ಸಂಜೆ ಬೆಂಗಳೂರಿನಲ್ಲಿರುವ ತಂಗಿಯ ಮನೆಗೆ ಇಫ್ತಾರಿಗೆ ಹೋಗಿದ್ದಾಗ ಈ ಅಭ್ಯಾಸ ನಮ್ಮನ್ನು ವಿಚಿತ್ರ ಜಾಗಕ್ಕೆ ಎಳೆದೊಯ್ದಿತು. ತಂಗಿಯ ಮಗ ಕಂಪ್ಯೂಟರ್ ಕಂಪನಿಯೊಂದರ ಕೆಲಸಗಾರ. ಅವನ ಕೋಣೆಯ ಗಾಜಿನ ಕಪಾಟಿನಲ್ಲಿ ಒಂದು ಮಿಲಿಟರಿ ಲಾರಿ, ಅದರ ಹಿಂದೆ ಉದ್ದನೆಯ ಟ್ರೇಲರ್, ಟ್ರೇಲರಿನ ಮೇಲೆ ಪೆಟ್ಟು ತಿಂದ ಒಂದು ಶರ್ಮನ್ ಟ್ಯಾಂಕು ಇದ್ದವು. ಎಲ್ಲ ಸೇರಿ ಅರ್ಧ ಮೀಟರಿನಷ್ಟು ಉದ್ದ. ಕೈ ಚಾಚಿದೆವು.

“ಆಟದ ಸಾಮಾನಲ್ಲ ಮಾಮೂ, ಮುಟ್ಟಬೇಡಿ. ಎಂಟು ತಿಂಗಳ ರಾತ್ರಿ ಅದರಲ್ಲಿದೆ” ಎಂದ.

ಎಂಟು ತಿಂಗಳಲ್ಲಿ ನಾವು ಒಂದು ಕಥೆ ಬರೆದರೆ ಹೆಚ್ಚು. ಹಾಗಾಗಿ ಅವನ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡೆವು. ಇದು ಆಟಿಕೆಯಲ್ಲ, ಕಲೆ ಎನ್ನುವುದಾದರೆ, ಕಥೆಯನ್ನು ಅಳೆಯುವ ಕಟ್ಟುನಿಟ್ಟಿನಿಂದಲೇ ಇದನ್ನೂ ಅಳೆಯಬೇಕಾಗುತ್ತದೆ.

ಮೊದಲು ವಸ್ತುವಿನ ಪರಿಚಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಪೆಸಿಫಿಕ್ ಕಾರ್ ಅಂಡ್ ಫೌಂಡ್ರಿ ಕಂಪನಿ ತಯಾರಿಸಿದ ಎಂ-26 ಎಂಬ ಲಾರಿ ಇದು. ಇದಕ್ಕೆ ಜೋಡಿಸಿದ್ದು ಎಂ-15 ಟ್ರೇಲರ್. ಸುಮಾರು 40 ಟನ್ ಹೊರುವ ಈ ಜೋಡಿಗೆ ‘ಡ್ರ್ಯಾಗನ್ ವ್ಯಾಗನ್’ ಎಂಬ ಅಡ್ಡಹೆಸರಿತ್ತು. ಲಾರಿಯ ಕ್ಯಾಬಿಗೆ ಉಕ್ಕಿನ ರಕ್ಷಾಕವಚ. ಕೆಟ್ಟು ನಿಂತ ಟ್ಯಾಂಕನ್ನು ಟ್ರೇಲರಿನ ಮೇಲಕ್ಕೆ ಎಳೆದುಕೊಳ್ಳಲು ಕ್ಯಾಬಿನ ಹಿಂದೆ ಎರಡು ವಿಂಚುಗಳು. ಜಪಾನಿನ ತಮಿಯಾ ಕಂಪನಿ ಇದನ್ನು 35ರಲ್ಲಿ ಒಂದು ಪಾಲಿಗೆ ಇಳಿಸಿ, ನೂರಾರು ಬಿಡಿಭಾಗಗಳ ಪೆಟ್ಟಿಗೆಯಾಗಿ 1990ರ ದಶಕದ ಕೊನೆಯ ಹೊತ್ತಿಗೆ ಮಾರುಕಟ್ಟೆಗೆ ತಂದಿತು.

ಈ 35ರ ಲೆಕ್ಕಕ್ಕೂ ಒಂದು ಕಥೆಯಿದೆ. 1960ರ ದಶಕದ ಆರಂಭದಲ್ಲಿ ತಮಿಯಾ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ ಅದರ ಹೊಟ್ಟೆಯೊಳಗೆ ಮೋಟಾರು, ಬ್ಯಾಟರಿ ಹಿಡಿಯಬೇಕಿತ್ತು. ಬ್ಯಾಟರಿಗೆ ಜಾಗ ಮಾಡಿ ನೋಡಿದರೆ ಪ್ರಮಾಣ 35ಕ್ಕೆ ಒಂದು ಎಂದಾಯಿತು. ಮಕ್ಕಳ ಆಟಿಕೆಯ ಬ್ಯಾಟರಿಗಾಗಿ ಹುಟ್ಟಿದ ಅಳತೆ ಇಂದು ಪ್ರಪಂಚದಾದ್ಯಂತ ಮಿಲಿಟರಿ ಮಾದರಿಗಳ ಅಳತೆಯಾಗಿದೆ.

ಈಗ ಕಸುಬಿನ ಮಾತು. ಪ್ಲಾಸ್ಟಿಕ್ ಭಾಗಗಳನ್ನು ಚೌಕಟ್ಟಿನಿಂದ ಬಿಡಿಸಿ, ಉಜ್ಜಿ, ಅಂಟಿಸುವುದು ಅರ್ಧ ಕೆಲಸ. ನಿಜವಾದ ಕೆಲಸ ಬಣ್ಣದ್ದು. ಮೊದಲು ತುಕ್ಕಿನ ಬಣ್ಣ ಬಳಿಯುತ್ತಾರೆ. ಅದರ ಮೇಲೆ ಹೆಂಗಸರು ತಲೆಗೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ. ಅದರ ಮೇಲೆ ಸೈನ್ಯದ ಹಸಿರು. ಬಣ್ಣ ಒಣಗಿದ ನಂತರ ಒದ್ದೆ ಬ್ರಶ್ಶಿನಿಂದ ತಿಕ್ಕಿದರೆ ಹಸಿರು ಅಲ್ಲಲ್ಲಿ ಏಳುತ್ತದೆ, ಕೆಳಗಿನ ತುಕ್ಕು ಇಣುಕುತ್ತದೆ. ಟ್ರೇಲರಿನ ಮೇಲೆ ಟ್ಯಾಂಕಿನ ಸರಪಟ್ಟಿ ಉಜ್ಜಿದ ಗುರುತು, ವಿಂಚಿನ ಬುಡದಲ್ಲಿ ಎಣ್ಣೆಯ ಕಲೆ, ಚಕ್ರದ ಮೇಲೆ ಒಣಗಿದ ಕೆಸರು, ಅದರ ಮೇಲೆ ಹಸಿ ಕೆಸರು. ನಮ್ಮ ಊರಿನ ಗ್ಯಾರೇಜಿನ ಮಿಸ್ತ್ರಿಯೊಬ್ಬರನ್ನು ತಂದು ನಿಲ್ಲಿಸಿದರೆ ಅವರೂ ಒಂದು ಕ್ಷಣ ಮೋಸ ಹೋದಾರು. ಲೋಹಕ್ಕೆ ಮುಪ್ಪು ಹೇಗೆ ಬರುತ್ತದೆ ಎಂಬುದನ್ನು ಇಷ್ಟು ಪ್ರೀತಿಯಿಂದ ಗಮನಿಸಿದ ಕಲೆ ಬೇರೊಂದಿರಲಾರದು.

ಮಿಲಿಟರಿ ಮಾದರಿಗಳಲ್ಲಿ ಟ್ರೇಲರ್ ಇರುವವೇ ಹೆಚ್ಚು ಪ್ರಾಮಾಣಿಕ ಎಂಬುದು ನಮ್ಮ ಅಭಿಪ್ರಾಯ. ಒಂಟಿಯಾಗಿ ನಿಂತ ಟ್ಯಾಂಕಿನ ಮಾದರಿ ವೀರಗಾಥೆಯ ಹಾಗೆ ಕಾಣುತ್ತದೆ. ತೋಪು ಮುಂದಕ್ಕೆ ಚಾಚಿಕೊಂಡಿರುತ್ತದೆ, ಎದುರಿಗೆ ಯಾರಿದ್ದಾರೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದೇ ಟ್ಯಾಂಕು ಟ್ರೇಲರಿನ ಮೇಲೇರಿದಾಗ ಗುಟ್ಟು ಬಯಲಾಗುತ್ತದೆ. ದೂರದ ದಾರಿಯನ್ನು ತಾನಾಗಿ ನಡೆದರೆ ಅದರ ಸರಪಟ್ಟಿ ಸವೆಯುತ್ತದೆ, ಎಂಜಿನ್ ದಣಿಯುತ್ತದೆ, ಇಂಧನ ಮುಗಿಯುತ್ತದೆ, ರಸ್ತೆ ಕಿತ್ತುಹೋಗುತ್ತದೆ. ಆದ್ದರಿಂದ ಅದನ್ನು ಹೊತ್ತೊಯ್ಯಲು ಬೇರೆಯವರು ಬೇಕು. ಕೆಟ್ಟಾಗ ಹಿಂದಕ್ಕೆ ತರಲು ಮತ್ತೆ ಬೇರೆಯವರು ಬೇಕು. ಡ್ರೈವರ್, ವೆಲ್ಡರ್, ಮೆಕ್ಯಾನಿಕ್ ಇವರಿಲ್ಲದೆ ಯುದ್ಧ ಒಂದು ವಾರವೂ ನಡೆಯದು. ವೀರಗಾಥೆ ಮರೆಮಾಚುವ ಈ ಕೂಲಿಯ ಲೋಕವನ್ನು ಟ್ರೇಲರ್ ನಮ್ಮೆದುರಿಗೆ ತಂದು ನಿಲ್ಲಿಸುತ್ತದೆ.

ಆದರೆ ತಂದು ನಿಲ್ಲಿಸಿದ ಮೇಲೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ತಕರಾರು ಇರುವುದು ಇಲ್ಲಿ.

ಕಪಾಟಿನ ಶರ್ಮನ್ ಟ್ಯಾಂಕಿನ ಪಕ್ಕೆಯಲ್ಲಿ ಗುಂಡು ಹೊಕ್ಕ ಒಂದು ತೂತಿತ್ತು. ತೂತಿನ ಅಂಚು ಕರಗಿದ ರೀತಿ, ಸುತ್ತಲ ಮಸಿ, ಎಲ್ಲವೂ ಕರಾರುವಾಕ್ಕು. ಅದರ ಒಳಗಿದ್ದವರು ಏನಾದರು? ಅಮೆರಿಕದ 3ನೇ ಆರ್ಮರ್ಡ್ ಡಿವಿಷನ್ನಿನಲ್ಲಿ ಟ್ಯಾಂಕುಗಳ ದುರಸ್ತಿಯ ಹೊಣೆ ಹೊತ್ತಿದ್ದ ಬೆಲ್ಟನ್ ಕೂಪರ್ 1998ರಲ್ಲಿ ತಮ್ಮ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಎಳೆದು ತಂದ ಟ್ಯಾಂಕುಗಳ ಒಳಗೆ ಉಳಿದಿದ್ದ ಸೈನಿಕರ ದೇಹದ ಅವಶೇಷಗಳನ್ನು ತೆಗೆದು, ತೊಳೆದು, ಒಳಗೋಡೆಗೆ ಹೊಸದಾಗಿ ಬಣ್ಣ ಬಳಿದು, ಮತ್ತೆ ಹೊಸ ಹುಡುಗರನ್ನು ಅದರಲ್ಲಿ ಕೂರಿಸಿ ಕಳಿಸುತ್ತಿದ್ದುದನ್ನು ಅವರು ಬರೆದಿದ್ದಾರೆ. ಅಂದರೆ ಅಸಲು ಕಾರ್ಖಾನೆಯಲ್ಲಿ ಬಣ್ಣದ ಕೆಲಸ ಸಾವನ್ನು ಮರೆಸುವುದಾಗಿತ್ತು. ಮಾದರಿಗಾರನ ಬಣ್ಣ ತುಕ್ಕು, ಎಣ್ಣೆ, ಕೆಸರನ್ನೆಲ್ಲ ತೋರಿಸುತ್ತದೆ. ಆದರೆ ಕೊನೆಗೆ ಅದೂ ಆ ಒಂದನ್ನೇ ಮರೆಸುತ್ತದೆ.

ಲಾರಿಯ ಪಕ್ಕ ಇಬ್ಬರು ಸೈನಿಕರ ಗೊಂಬೆಗಳು ನಿಂತಿದ್ದವು. ಇಬ್ಬರ ಮುಖವೂ ಗುಲಾಬಿ ಬಿಳುಪು. ಯಾವ ಬಣ್ಣ ಎಂದು ಕೇಳಿದೆವು. ಅವನು ಪುಟ್ಟ ಬಾಟಲಿ ತೋರಿಸಿದ. ತಮಿಯಾ ಬಣ್ಣಗಳ ಸಾಲಿನಲ್ಲಿ ಎಕ್ಸ್‌ಎಫ್-15 ಎಂಬ ಸಂಖ್ಯೆಯ ಈ ಬಣ್ಣಕ್ಕೆ ‘ಫ್ಲಾಟ್ ಫ್ಲೆಶ್’ ಎಂದು ಹೆಸರು. ಮನುಷ್ಯನ ಮೈಬಣ್ಣ ಎಂದು ಅದರ ಅರ್ಥ. ಮೈಬಣ್ಣವೆಂದರೆ ಇದು ಎಂದು ಬಾಟಲಿಯೇ ತೀರ್ಮಾನಿಸಿಬಿಟ್ಟಿದೆ.

ಇತಿಹಾಸ ಬೇರೆ ಮಾತು ಹೇಳುತ್ತದೆ. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನ ರಸ್ತೆಗಳಲ್ಲಿ ಹಗಲಿರುಳು ಓಡಿ, ಮುನ್ನುಗ್ಗುತ್ತಿದ್ದ ಅಮೆರಿಕದ ಸೈನ್ಯಕ್ಕೆ ಪೆಟ್ರೋಲು, ಗುಂಡು, ಆಹಾರ ಮುಟ್ಟಿಸಿದ್ದು ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿಗಳ ಸಾಲು. ಅದರ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಅಮೆರಿಕನ್ನರು. ಆಗ ಆ ಸೈನ್ಯದಲ್ಲಿ ಕಪ್ಪು ಸೈನಿಕರ ತುಕಡಿಗಳೇ ಬೇರೆ. ಹೆಚ್ಚಿನವರಿಗೆ ಬಂದೂಕಿನ ಗೌರವವಿಲ್ಲ, ಹೊರುವ ಕೆಲಸ ಮಾತ್ರ. ಈ ಪಂಕ್ತಿಭೇದ ಕೊನೆಗೊಳ್ಳಬೇಕೆಂದು ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ. ನಮ್ಮ ಕಪಾಟಿನ ಡ್ರ್ಯಾಗನ್ ವ್ಯಾಗನನ್ನು ಓಡಿಸಿದವರು ಕಪ್ಪು ಜನರೇ ಎಂದು ನಾವು ಹೇಳುತ್ತಿಲ್ಲ. ಚಕ್ರದ ಒಂದು ಬೋಲ್ಟು ತಪ್ಪಾದರೆ ನಿದ್ದೆಗೆಡುವ ಮಾದರಿಗಾರ, ಚಕ್ರ ತಿರುಗಿಸಿದವನ ಮುಖದ ವಿಷಯದಲ್ಲಿ ಬಾಟಲಿಯ ಮಾತನ್ನು ಯಾಕೆ ನಂಬಬೇಕು ಎಂದು ಕೇಳುತ್ತಿದ್ದೇವೆ.

ಈ ಕೊರತೆ ಹಳೆಯ ಯುದ್ಧಕ್ಕೆ ಸೀಮಿತವಲ್ಲ. 2003ರಲ್ಲಿ ಇರಾಕಿಗೆ ನುಗ್ಗಿದ ಅಮೆರಿಕದ ಸೈನ್ಯ ಟ್ಯಾಂಕು ಸಾಗಿಸಲು ಬಳಸಿದ ಎಂ-1070 ಲಾರಿ ಮತ್ತು 40 ಟೈರುಗಳ ಎಂ-1000 ಟ್ರೇಲರ್ ಕೂಡ ಅದೇ 35ರ ಅಳತೆಯಲ್ಲಿ ಸಿಗುತ್ತವೆ. ಅವಕ್ಕೆ ಮರಳಿನ ಬಣ್ಣ ಬಳಿದು, ಬಣ್ಣದ ಪುಡಿಯಿಂದ ಧೂಳು ಹಿಡಿಸುತ್ತಾರೆ. ಆ ಧೂಳು ಯಾರ ಊರಿನದು? ನಾವು ಚಿಕ್ಕವರಿದ್ದಾಗ 1991ರ ಕೊಲ್ಲಿ ಯುದ್ಧವನ್ನು ಟಿವಿಯಲ್ಲಿ ನೋಡಿದೆವು. ವಿಮಾನ ಕಂಡಿತು, ಕ್ಷಿಪಣಿ ಕಂಡಿತು, ಹಸಿರು ಬೆಳಕು ಕಂಡಿತು. ಮನುಷ್ಯ ಕಾಣಲಿಲ್ಲ. ಯಂತ್ರವನ್ನೇ ನೋಡಿ ನೋಡಿ ಯುದ್ಧವೆಂದರೆ ಯಂತ್ರ ಎಂದು ನಂಬಿದ ಪೀಳಿಗೆ ನಮ್ಮದು. ಈ ಮಾದರಿಗಳ ಮೋಹವೂ ಅದೇ ಕಣ್ಣಿನ ಮುಂದುವರಿಕೆಯಲ್ಲವೇ ಎಂಬ ಅನುಮಾನ ನಮ್ಮದು.

ಹಾಗೆಂದು ಮಾದರಿಗಾರರನ್ನೆಲ್ಲ ಯುದ್ಧಪ್ರಿಯರು ಎನ್ನುವುದು ಅನ್ಯಾಯ. ತಮಿಯಾ ಇರುವ ಶಿಝುಓಕಾ ನಗರವೇ ಇದಕ್ಕೆ ಸಾಕ್ಷಿ. 1945ರ ಜೂನಿನಲ್ಲಿ ಅಮೆರಿಕದ ಬಾಂಬುಗಳಿಗೆ ಸುಟ್ಟುಹೋದ ಊರು ಅದು. ಮರುವರ್ಷ ಅಲ್ಲಿ ಮರದ ವ್ಯಾಪಾರವಾಗಿ ಶುರುವಾದ ಕಂಪನಿಯೇ ಮುಂದೆ ತನ್ನ ಊರನ್ನು ಸುಟ್ಟವರ ಲಾರಿಯನ್ನೂ ಇಷ್ಟು ಆಸ್ಥೆಯಿಂದ ಅಚ್ಚು ಹಾಕಿತು. ಇದರಲ್ಲಿ ದ್ವೇಷ ಕಾಣುವುದಿಲ್ಲ, ಕುಶಲಕರ್ಮಿಯ ಗೌರವ ಕಾಣುತ್ತದೆ.

ಅದೇ ಊರಿನಲ್ಲಿ ಇನ್ನೊಂದು ವಸ್ತುವಿದೆ. ಆ ದಾಳಿಯ ರಾತ್ರಿ ಎರಡು ಬಿ-29 ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 23 ಮಂದಿ ಅಮೆರಿಕನ್ನರು ಸತ್ತರು. ಫುಕುಮತ್ಸು ಇತೋ ಎಂಬ ಸ್ಥಳೀಯರು, ನೆರೆಯವರ ಸಿಟ್ಟನ್ನೂ ಲೆಕ್ಕಿಸದೆ, ತಮ್ಮೂರಿನ ಸತ್ತವರ ಜೊತೆ ಅವರನ್ನೂ ಮಣ್ಣು ಮಾಡಿದರು. ವಿಮಾನದ ಅವಶೇಷದಲ್ಲಿ ಸಿಕ್ಕಿದ, ಸುಟ್ಟು ಕಪ್ಪಾದ ಸೈನಿಕನ ನೀರಿನ ಬಾಟಲಿಯೊಂದು ಉಳಿಯಿತು. ಅದನ್ನು ಹಿಡಿದು ಜಪಾನಿನವರೂ ಅಮೆರಿಕದವರೂ ಸೇರಿ ಎರಡೂ ಕಡೆಯ ಸತ್ತವರನ್ನು ನೆನೆಯುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. ಅದರ ಮಸಿಗೆ ಯಾರೂ ಬಣ್ಣ ಬಳಿದಿಲ್ಲ. ಅದನ್ನು ನೋಡಿದವರಿಗೆ ಮೊದಲು ನೆನಪಾಗುವುದು ಅದರಿಂದ ನೀರು ಕುಡಿದವನು.

ಒಳ್ಳೆಯ ಮಾದರಿಯಿಂದ ನಾವು ನಿರೀಕ್ಷಿಸುವುದು ಇಷ್ಟೇ. ಹೆಣಗಳ ಗೊಂಬೆ ಮಾಡಿ ಸುರಿಯಿರಿ ಎಂದಲ್ಲ, ಅದು ಇನ್ನೂ ಅಗ್ಗದ ಕೆಲಸವಾದೀತು. ವಸ್ತುವನ್ನು ನೋಡಿದಾಗ ಅದನ್ನು ಬಳಸಿದವನು, ಅದರಿಂದ ಸತ್ತವನು ಮನಸ್ಸಿಗೆ ಬರಬೇಕು. ಕ್ಯಾಬಿನ ಬಾಗಿಲಿಗೆ ತಗುಲಿಸಿದ ಒಂದು ಅಂಗಿ, ಟ್ಯಾಂಕಿನಿಂದ ಹೊರತೆಗೆದಿಟ್ಟ ಯಾರದೋ ಒಂದು ಜೊತೆ ಬೂಟು ಸಾಕು. ಕಥೆಯಲ್ಲಿ ನಾವು ಮಾಡಲು ಹೆಣಗುವುದೂ ಅದನ್ನೇ, ಹಲವು ಸಲ ಸೋಲುವುದೂ ಅಲ್ಲೇ.

ಇದನ್ನೆಲ್ಲ ತಂಗಿಯ ಮಗನಿಗೆ ಹೇಳಿದೆವು. ಅವನು ವಾದ ಮಾಡಲಿಲ್ಲ. ಇನ್ನೂ ಬಣ್ಣ ಕಾಣದ ಒಂದು ಬೂದು ಗೊಂಬೆಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ, “ನೀವು ಹೇಳೋ ಬಣ್ಣ ಬಾಟಲಿಯಲ್ಲಿ ಬರಲ್ಲ ಮಾಮೂ, ನಾವೇ ಬೆರೆಸಿಕೊಳ್ಳಬೇಕು” ಎಂದ. ಅವನು ಬೆರೆಸುತ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ ಬೂದು ಗೊಂಬೆಗೆ ಯಾವ ಮೈಬಣ್ಣವೂ ಇರುವುದಿಲ್ಲ, ಕೊಡುವುದು ಮಾಡುವವನ ಕೈ ಎಂಬುದು ಅವನಿಗೂ ನಮಗೂ ಆ ಸಂಜೆ ಒಟ್ಟಿಗೇ ಹೊಳೆಯಿತು.